ಪಾಸ್‌ಪೋರ್ಟಿನ ಕೊನೆಯ ಪುಟ

ನನ್ನ ಫೋನು ನನ್ನ ವಯಸ್ಸು ಕೇಳಿದ ದಿನ ನಾನು ಡಬ್ಲಿನ್ನಿನ ಔಷಧಿ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಕೂತು ಆಲೂಗಡ್ಡೆ ಸೂಪು ಕುಡಿಯುತ್ತಿದ್ದೆ. ಅಪ್‌ಡೇಟ್ ಮುಗಿದು ಪರದೆ ಬೆಳಗಿತು. ಬೆಳಗಿದ್ದೇ ತಡ, ನೀವು ವಯಸ್ಕರು ಎಂದು ದಾಖಲೆ ತೋರಿಸಿ ಎಂದಿತು. ತಲೆಯಲ್ಲಿ ಕಪ್ಪಿಗಿಂತ ಬಿಳಿಯೇ ಹೆಚ್ಚಾಗಿರುವ ಹೆಂಗಸಿಗೆ ಈ ಪ್ರಶ್ನೆ. ಎದುರಿಗೆ ಕೂತಿದ್ದ ಐರಿಶ್ ಸಹೋದ್ಯೋಗಿಯ ಫೋನೂ ಅದನ್ನೇ ಕೇಳಿತ್ತು. ಅವಳು ಪರ್ಸಿನಿಂದ ಡ್ರೈವಿಂಗ್ ಲೈಸೆನ್ಸ್ ತೆಗೆದು ಕ್ಯಾಮೆರಾಕ್ಕೆ ಹಿಡಿದಳು, ಇಲ್ಲಿಯವರು 'ಸರಿ' ಎನ್ನುವುದಕ್ಕೆ ಹೇಳುವಂತೆ 'ಗ್ರ್ಯಾಂಡ್' ಎಂದಳು, ಸ್ಯಾಂಡ್‌ವಿಚ್ ತಿನ್ನಲು ಶುರುಮಾಡಿದಳು. ನನ್ನ ಕೈ ಮಾತ್ರ ಬ್ಯಾಗಿನ ಕಡೆ ಹೋಗಲಿಲ್ಲ.

ಫೋನಿನ ವಿಷಯದಲ್ಲಿ ನಾನು ಸ್ವಲ್ಪ ವಿಚಿತ್ರ. ಕಾರಣವನ್ನು ಈಗಲೇ ಹೇಳಿಬಿಡುತ್ತೇನೆ. ಮುಂದೆ ನಾನು ಮಾಡಿದ್ದನ್ನು ಓದಿ ಯಾರಾದರೂ ಕಲ್ಲು ಮನಸ್ಸಿನವಳು ಅನ್ನಬಹುದು. ಅನ್ನಲಿ, ಆದರೆ ಇದನ್ನು ಓದಿದ ಮೇಲೆ ಅನ್ನಲಿ.

ಬೆಂಗಳೂರಿನಲ್ಲಿ ನನಗೊಂದು ಮದುವೆಯಾಗಿತ್ತು. ವಿಜಯನಗರದ ಆ ಮನೆಯಲ್ಲಿ ರಾತ್ರಿ ಊಟವಾದ ಮೇಲೆ ನಾನು ಫೋನನ್ನು ಊಟದ ಟೇಬಲ್ ಮೇಲೆ ಇಡಬೇಕಿತ್ತು. ಗಂಡ ಕೈ ತೊಳೆದು, ಟವೆಲಿನಲ್ಲಿ ನಿಧಾನವಾಗಿ ಒರೆಸಿಕೊಂಡು ಬಂದು ಅದನ್ನು ಎತ್ತಿಕೊಳ್ಳುತ್ತಿದ್ದ. ದಿನದ ಮೆಸೇಜುಗಳನ್ನೆಲ್ಲ ಗಟ್ಟಿಯಾಗಿ ಓದುತ್ತಿದ್ದ, ನನ್ನಮ್ಮ ಕಳಿಸಿದ ಸಾರಿನ ಪುಡಿಯ ಅಳತೆಯನ್ನೂ ಬಿಡದೆ. ಇದು ಯಾರು, ಇದಕ್ಕೇನು ಅರ್ಥ, ಇಲ್ಲಿ ಯಾಕೆ ನಗುವಿನ ಚಿತ್ರ ಹಾಕಿದ್ದೀಯ. ಒಮ್ಮೆ ಒಂದು ಮೆಸೇಜು ಅಳಿಸಿದ್ದು ಅವನಿಗೆ ಗೊತ್ತಾಯಿತು. ಆವತ್ತು ಏನಾಯಿತೆಂದು ಬರೆಯುವುದಿಲ್ಲ. ಐರ್ಲೆಂಡಿನ ಚಳಿಗೆ ನನ್ನ ಎಡ ಮಣಿಕಟ್ಟು ಇವತ್ತಿಗೂ ನೋಯುತ್ತದೆ, ಅಷ್ಟು ಸಾಕು.

ವಿಚ್ಛೇದನ ಸಿಕ್ಕಿತು. ಸಿಕ್ಕಿದರೂ ಅವನು ಬಿಡಲಿಲ್ಲ. ನನ್ನ ಆಫೀಸಿನ ಗೇಟಿಗೆ ಬಂದ, ಗೆಳತಿಯ ಮನೆಗೆ ಹೋದ, ನನ್ನ ಚಿಕ್ಕಪ್ಪನ ಮಗಳ ಮದುವೆಯಲ್ಲಿ ಕರೆಯದೆ ಬಂದು ಊಟದ ಪಂಕ್ತಿಯಲ್ಲಿ ನನ್ನೆದುರಿಗೇ ಕೂತ. ಕೊನೆಗೆ ಮಾಸ್ಟರ್ಸ್ ಓದುವ ನೆಪದಲ್ಲಿ ದೇಶ ಬಿಟ್ಟೆ. ನಾನು ಎಲ್ಲಿದ್ದೇನೆಂದು ನನ್ನ ಅಣ್ಣನೊಬ್ಬನಿಗೆ ಬಿಟ್ಟು ಊರಿನಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ. ಗಂಡನಾಗಿದ್ದವನಿಗೆ ನನ್ನ ಊರು, ಬಾಗಿಲು, ನಂಬರು ಗೊತ್ತಾಗಬಾರದು. ನನ್ನ ಇಲ್ಲಿನ ಬದುಕೆಲ್ಲ ಅದೊಂದರ ಮೇಲೆ ನಿಂತಿತ್ತು. ಡಬ್ಲಿನ್ನಿಗೆ ಬಂದಿಳಿದವಳು ಮೊದಲು ಮಾಡಿದ ಕೆಲಸ ಒಂದು ಸಿಮ್ ತೆಗೆದುಕೊಂಡದ್ದು. ಫೋನಿನ ಭಾಷೆಯನ್ನು ಕನ್ನಡಕ್ಕೆ ಬದಲಾಯಿಸಿಕೊಂಡೆ, ಪಕ್ಕದಲ್ಲಿ ಕೂತವರೂ ಇಣುಕಿ ಓದಬಾರದೆಂದು. ಆ ಫೋನಿನ ಪಿನ್ ನನ್ನನ್ನು ಬಿಟ್ಟು ಯಾವ ನರಪಿಳ್ಳೆಗೂ ಗೊತ್ತಿಲ್ಲ.

ಈಗ ಅದೇ ಫೋನು ದಾಖಲೆ ಕೇಳುತ್ತಿತ್ತು. ಕೊಡದಿದ್ದರೆ ನಿನ್ನನ್ನು ಮಗು ಎಂದು ತಿಳಿದುಕೊಳ್ಳುತ್ತೇನೆ ಎಂದಿತು, ತಿಳಿದುಕೊಂಡೂ ಬಿಟ್ಟಿತು. ಬ್ಯಾಂಕಿನ ಆ್ಯಪ್ ತೆರೆಯಲಿಲ್ಲ. ಲ್ಯಾಬಿನ ಶಿಫ್ಟು ತೋರಿಸುವ ಆ್ಯಪ್ ತೆರೆಯಲಿಲ್ಲ. ಹಲ್ಲು ಕಚ್ಚಿಕೊಂಡು ಪಾಸ್‌ಪೋರ್ಟ್ ತೋರಿಸಿದೆ. ಅದಕ್ಕದು ಒಪ್ಪಿಗೆಯಾಗಲಿಲ್ಲ. ನಮ್ಮ ಕಡೆಯ ಅರ್ಧ ಜನರ ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರಿನ ಜಾಗ ಖಾಲಿ ಇರುತ್ತದೆ, ನನ್ನದೂ ಹಾಗೇ. ಮನೆತನದ ಹೆಸರಿಲ್ಲದ ಮನುಷ್ಯರು ಭೂಮಿಯ ಮೇಲೆ ಇರಬಹುದೆಂದು ಆ ಆ್ಯಪ್ ಮಾಡಿದವರಿಗೆ ಹೊಳೆದಿರಲಿಲ್ಲ. ಹೀಗೆ ನಾನು ಅಧ್ಯಕ್ಷರ ಬಳಿಗೆ ಹೋಗಬೇಕಾಯಿತು.

ಅಧ್ಯಕ್ಷರು ಅಂದರೆ ಡಬ್ಲಿನ್ನಿನ ನಮ್ಮ ಬಡಾವಣೆ ಕ್ಯಾಸಲ್‌ನಾಕ್ ಸುತ್ತಮುತ್ತಲಿನ ಕನ್ನಡಿಗರ ಗುಂಪಿನ ಅಧ್ಯಕ್ಷರು. ಇಲ್ಲಿಗೆ ಬಂದು ಬಹಳ ವರ್ಷಗಳಾದ, ಕಂಪ್ಯೂಟರ್ ಕೆಲಸದ, ಐವತ್ತು ದಾಟಿದ ಗೃಹಸ್ಥರು. ವೀಸಾ ಫಾರಂ ತುಂಬುವುದಿರಲಿ, ಮಕ್ಕಳ ಶಾಲೆ ಇರಲಿ, ಹುರುಳಿಕಾಳು ಎಲ್ಲಿ ಸಿಗುತ್ತದೆ ಎಂಬುದೇ ಇರಲಿ, ಎಲ್ಲದಕ್ಕೂ ಅವರೇ. ಕೇಳಿದವರಿಗೆ ಸಹಾಯ ಮಾಡುತ್ತಿದ್ದರು. ಕೇಳದವರಿಗೆ ಇನ್ನೂ ಹೆಚ್ಚು ಮಾಡುತ್ತಿದ್ದರು. ವೇದಿಕೆ ಹತ್ತಿದಾಗಲೆಲ್ಲ ಹೆಗಲ ಮೇಲೆ ರೇಷ್ಮೆ ಶಲ್ಯ, ಬಾಯಲ್ಲಿ 'ನಾವೆಲ್ಲ ಒಂದೇ ಕುಟುಂಬ' ಎಂಬ ಮಾತು. ಒಂದೇ ಕುಟುಂಬ ಅನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಭಯ.

ಯುಗಾದಿಗೆ ಚರ್ಚಿನ ಹಾಲ್ ಬಾಡಿಗೆಗೆ ಹಿಡಿದಿದ್ದರು. ಹೋಳಿಗೆ ಊಟವಾದ ಮೇಲೆ ಎಲ್ಲರ ಫೋನುಗಳ ವಯಸ್ಸಿನ ಪರೀಕ್ಷೆ ತಾವೇ ಮಾಡಿಸಿಕೊಡುವುದಾಗಿ ಅಧ್ಯಕ್ಷರು ಗುಂಪಿನಲ್ಲಿ ಹಾಕಿದ್ದರು. ಮೊದಲೇ ಪಾಸ್‌ಪೋರ್ಟಿನ ಫೋಟೋ ತಮ್ಮ ನಂಬರಿಗೆ ಕಳಿಸಿರಬೇಕು. ಜನ ಕಳಿಸಿದರು. ಯಾಕೆ ಕಳಿಸುವುದಿಲ್ಲ? ಸಿಮ್ ಬೇಕಾದರೂ, ಗ್ಯಾಸ್ ಸಿಲಿಂಡರ್ ಬೇಕಾದರೂ, ಲಾಡ್ಜಿನಲ್ಲಿ ಒಂದು ರಾತ್ರಿ ಮಲಗಬೇಕಾದರೂ ಜೆರಾಕ್ಸ್ ಕೊಟ್ಟುಕೊಂಡೇ ಬೆಳೆದವರು ನಾವು. ಜೆರಾಕ್ಸ್ ಅಂಗಡಿಯವನು ಎರಡೂ ಕಡೆಯಾ ಎಂದು ಕೇಳುತ್ತಾನೆ, ನಾವು ಎರಡೂ ಕಡೆ ಎನ್ನುತ್ತೇವೆ. ಆ ಉತ್ತರ ಯೋಚನೆಗಿಂತ ಮುಂಚೆ ಬಾಯಿಗೆ ಬರುತ್ತದೆ.

ನನ್ನದೂ ಹಾಗೇ ಆಯಿತು. ಅಡುಗೆಮನೆಯ ಬಿಳಿ ಟೈಲ್ ಮೇಲೆ ಪಾಸ್‌ಪೋರ್ಟ್ ಬಿಚ್ಚಿಟ್ಟು, ಬೆಳಕು ಹೊಳೆಯದಂತೆ ಕಿಟಕಿಯ ಪರದೆ ಸರಿಸಿ, ಲ್ಯಾಬಿನಲ್ಲಿ ಮಾದರಿ ತೆಗೆಯುವಷ್ಟೇ ನೀಟಾಗಿ ಫೋಟೋ ತೆಗೆದೆ. ಮೊದಲ ಪುಟ, ಕೊನೆಯ ಪುಟ. ವಯಸ್ಸು ಇರುವುದು ಮೊದಲ ಪುಟದಲ್ಲಿ, ಅಷ್ಟು ಸಾಕಿತ್ತು. ನಮ್ಮ ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ಏನಿರುತ್ತದೆ ಗೊತ್ತಲ್ಲ? ಅಪ್ಪ, ಅಮ್ಮ, ಗಂಡ ಅಥವಾ ಹೆಂಡತಿಯ ಹೆಸರು, ಊರಿನ ವಿಳಾಸ. ಅವಧಿ ಮುಗಿದಿರಲಿಲ್ಲವಾದ್ದರಿಂದ ನಾನು ಹೊಸದು ಮಾಡಿಸಿರಲಿಲ್ಲ. ಅವನ ಹೆಸರು, ವಿಜಯನಗರದ ಆ ಮನೆಯ ನಂಬರು, ಅಡ್ಡರಸ್ತೆ ಎಲ್ಲವೂ ಅಲ್ಲಿ ಹಾಗೇ ಕೂತಿದ್ದವು.

ಹಾಲ್‌ನಲ್ಲಿ ನನ್ನ ಸರದಿ ಬಂದಾಗ ಅಧ್ಯಕ್ಷರು ನನ್ನ ಫೋಟೋ ತೋರಿಸಿ ಬೇರೆಯವರಿಗೆಲ್ಲ ಹೇಳಿದರು, ನೋಡಿ ಹೀಗೆ ಕಳಿಸಬೇಕು ಎಂದು. ಮನೆತನದ ಹೆಸರಿನ ಖಾಲಿ ಜಾಗಕ್ಕೆ ಏನು ತುಂಬಬೇಕೆಂಬ ಉಪಾಯ ಅವರಿಗೆ ಗೊತ್ತಿತ್ತು. ನನ್ನ ಫೋನನ್ನು ಅವರ ಕೈಗೆ ಕೊಟ್ಟೆ. ಪಿನ್ ನಾನೇ ಒತ್ತಿದೆ, ಆದರೂ ಕೊಟ್ಟೆ. ಅವರ ಹೆಬ್ಬೆರಳು ಅದರ ಮೇಲೆ ಓಡಾಡುವುದನ್ನು ನೋಡುತ್ತ ನಿಂತೆ. ಫೋನು ನನ್ನನ್ನು ವಯಸ್ಕಳೆಂದು ಒಪ್ಪಿಕೊಂಡಿತು. ನಾನು ಅವರ ಫೋನಿನ ಕಡೆ ಕೈ ತೋರಿಸಿ, ಸರ್, ನನ್ನ ಫೋಟೋಗಳನ್ನ ತೆಗೆದುಹಾಕಿ ಎಂದೆ.

"ಡಿಲೀಟ್ ಮಾಡ್ತೀನಿ ಬಿಡಿ," ಎಂದರು ಅಧ್ಯಕ್ಷರು, ಮುಂದಿನವರ ಫೋನಿಗೆ ಕೈ ಚಾಚುತ್ತ.

ಆಮೇಲೆ ಕೆಲವು ವಾರ ಏನೂ ಆಗಲಿಲ್ಲ. ಇಂಡಿಯನ್ ಅಂಗಡಿಯಲ್ಲಿ ಸಿಕ್ಕಿದ ಅಧ್ಯಕ್ಷರ ಹೆಂಡತಿ ನನ್ನ ಕೈ ಹಿಡಿದು, ಎಲ್ಲ ಸರಿ ಹೋಗುತ್ತಮ್ಮ, ಧೈರ್ಯವಾಗಿರು ಎಂದರು. ಏನು ಸರಿ ಹೋಗಬೇಕೋ ನನಗೆ ತಿಳಿಯಲಿಲ್ಲ. ಮೊಣಕಾಲು ನೋವೆಂದು ಯಾರ ಹತ್ತಿರವೋ ಹೇಳಿಕೊಂಡಿದ್ದೆ, ಅದರ ಬಗ್ಗೆ ಇರಬೇಕು ಅಂದುಕೊಂಡು ನುಗ್ಗೇಕಾಯಿ ಆರಿಸಿಕೊಂಡು ಬಂದೆ.

ಅದೇ ವಾರ, ಲ್ಯಾಬಿನಿಂದ ಹೊರಗೆ ಬಂದು ಕಾರಿನಲ್ಲಿ ಕೂತಾಗ ಫೋನಿಗೊಂದು ಮೆಸೇಜು ಬಂತು. ಭಾರತದ ನಂಬರು. ಹೆಸರಿಲ್ಲ, ಚಿತ್ರವಿಲ್ಲ.

"ಊಟ ಆಯ್ತಾ? ಫೋನ್ ಟೇಬಲ್ ಮೇಲಿಡು."

ಕಾರಿನ ಗಾಜೆಲ್ಲ ನನ್ನ ಉಸಿರಿಗೆ ಮಂಜಾಗಿತ್ತು. ಆ ನಂಬರನ್ನು ಬ್ಲಾಕ್ ಮಾಡಿದೆ. ಅಣ್ಣನಿಗೆ ಫೋನು ಮಾಡಿದೆ. ಅವನು ತಾನು ಯಾರಿಗೂ ಬಾಯಿ ಬಿಟ್ಟಿಲ್ಲವೆಂದು ಆಣೆ ಮಾಡಿದ. ಅಣ್ಣನ ಮೇಲೂ ಒಂದು ದಿನ ಅನುಮಾನಪಟ್ಟೆ. ಅಧ್ಯಕ್ಷರ ಲೆಕ್ಕಕ್ಕೆ ಇದನ್ನೂ ಸೇರಿಸಿದ್ದೇನೆ.

ಶನಿವಾರ ಮನೆಯ ಬೆಲ್ ಆಯಿತು. ನನ್ನ ಜೊತೆ ಆ ಮನೆಯನ್ನು ಹಂಚಿಕೊಂಡಿದ್ದವಳು ಮೈಸೂರಿನ ಹುಡುಗಿ, ಮಾಸ್ಟರ್ಸ್ ಓದುತ್ತಿದ್ದಳು. ಅವಳೇ ಬಾಗಿಲು ತೆಗೆದಳು. ಬಾಗಿಲಲ್ಲಿ ನಾವಿಬ್ಬರೂ ಎಂದೂ ಕಂಡಿರದ ಒಬ್ಬ ಯುವಕ, ಕೈಯಲ್ಲಿ ಸಿಹಿತಿಂಡಿಯ ಡಬ್ಬ. ಬೆಂಗಳೂರಿನಿಂದ ವಾಪಸು ಬರುವವರ ಕೈಗೆ ಯಾರಾದರೂ ಏನಾದರೂ ಕೊಟ್ಟು ಕಳಿಸುವುದು ನಮ್ಮಲ್ಲಿ ಮಾಮೂಲು. ತರುವವರೂ ಇದು ಯಾರದ್ದು ಏನು ಎಂದು ಕೇಳುವುದಿಲ್ಲ, ಸೂಟ್‌ಕೇಸಿನಲ್ಲಿ ಜಾಗವಿದ್ದರೆ ತರುತ್ತಾರೆ. ಅವನು ಬಹಳ ವಿನಯದಿಂದ ಡಬ್ಬ ಮುಂದೆ ಹಿಡಿದ.

"ನಿಮ್ ಯಜಮಾನ್ರು ಕಳಿಸಿದ್ದಾರೆ ಮೇಡಂ. ಮನೆ ಸಿಕ್ತಾ ಅಂತ ಫೋನ್ ಮಾಡಿ ಹೇಳು ಅಂದಿದ್ರು."

ನಾನು ಡಬ್ಬ ತೆಗೆದುಕೊಳ್ಳಲಿಲ್ಲ. ವಿಳಾಸ ಯಾರು ಕೊಟ್ಟರು ಎಂದು ಕೇಳಿದೆ. ಪಾಪ, ಅವನಿಗೇನು ಗೊತ್ತು, ನಿಮ್ಮ ಅಧ್ಯಕ್ಷರ ಭಾಮೈದ ಕೊಟ್ಟರು, ಅವರೂ ನಿಮ್ಮ ಯಜಮಾನರೂ ವಿಜಯನಗರದಲ್ಲಿ ಒಂದೇ ರಸ್ತೆಯಲ್ಲಂತೆ ಇರುವುದು ಎಂದ. ಎಲ್ಲವೂ ತಿಳಿಯಿತು. ಡಬ್ಬವನ್ನು ಅವನ ಕೈಯಲ್ಲೇ ಬಿಟ್ಟು ಒಳಗೆ ಬಂದೆ. ಹುಡುಗಿ ಬಾಗಿಲು ಹಾಕಿಕೊಂಡು ನನ್ನ ಮುಖ ನೋಡಿ ನೀರು ತಂದುಕೊಟ್ಟಳು. ಅವಳಿಗೆ ಆವತ್ತು ಎಲ್ಲ ಹೇಳಿದೆ. ಐರ್ಲೆಂಡಿನಲ್ಲಿ ನಾನಾಗಿ ಬಾಯಿಬಿಟ್ಟು ಮೊದಲು ಹೇಳಿದ್ದು ಅವಳಿಗೇ.

ಅಲ್ಲಿಂದ ನೇರ ಅಧ್ಯಕ್ಷರ ಮನೆಗೆ ನಡೆದುಕೊಂಡು ಹೋದೆ, ಹತ್ತಿರವೇ ಇತ್ತು. ಅವರು ಅಂಗಳದ ಹುಲ್ಲು ಕತ್ತರಿಸುತ್ತಿದ್ದರು. ನಾನು ಕೂಗಾಡಬೇಕೆಂದು ಹೋಗಿದ್ದೆ. ಅವರು ನನ್ನನ್ನು ನೋಡಿ ನಕ್ಕ ನಗುವಿಗೆ ಕೂಗುವುದು ಮರೆತೇಹೋಯಿತು. ಅವರು ಬೆನ್ನು ತಟ್ಟಿಸಿಕೊಳ್ಳಲು ಕಾಯುತ್ತಿದ್ದವರ ಹಾಗಿದ್ದರು.

ಒಳಗೆ ಕೂರಿಸಿ ಕಾಫಿ ಕೊಡಿಸಿ ಎಲ್ಲ ಅವರೇ ಹೇಳಿದರು. ಕೊನೆಯ ಪುಟ ನೋಡಿದರಂತೆ. ಅರೆ, ಇದು ನನ್ನ ಹೆಂಡತಿಯ ತವರಿನ ರಸ್ತೆಯಲ್ಲವೇ ಅನ್ನಿಸಿತಂತೆ. ಭಾಮೈದನಿಗೆ ಹೇಳಿ ವಿಚಾರಿಸಿದರಂತೆ. ಗಂಡ ಎಷ್ಟು ಮರ್ಯಾದಸ್ಥ, ಇಷ್ಟು ವರ್ಷ ಇನ್ನೊಂದು ಮದುವೆಯನ್ನೂ ಆಗದೆ ಕಾಯುತ್ತಿದ್ದಾನೆ, ಫೋನಿನಲ್ಲಿ ಮಾತಾಡುವಾಗ ಅತ್ತೇಬಿಟ್ಟನಂತೆ. ಅಳುವುದು ಅವನಿಗೆ ಚೆನ್ನಾಗಿ ಬರುತ್ತದೆ, ಮ್ಯಾಜಿಸ್ಟ್ರೇಟರ ಮುಂದೆಯೂ ಅತ್ತಿದ್ದ. ಅಷ್ಟಕ್ಕೇ ಇವರು ಕರಗಿ ನನ್ನ ನಂಬರು, ನನ್ನ ಬಾಗಿಲ ನಂಬರು, ನಾನು ಕೆಲಸದಿಂದ ಬರುವ ಹೊತ್ತು, ಎಲ್ಲ ಒಪ್ಪಿಸಿಬಿಟ್ಟಿದ್ದರು. ನಮಗೆ ಡಿವೋರ್ಸ್ ಆಗಿದೆ ಸರ್ ಎಂದೆ. ನನ್ನ ಮಣಿಕಟ್ಟು ತೋರಿಸಿದೆ. ಅವರು ಅದನ್ನು ನೋಡಿ ಕಾಫಿ ಲೋಟದೊಳಕ್ಕೆ ನೋಡಿದರು.

"ನೋಡಮ್ಮ, ಗಂಡ ಹೆಂಡ್ತಿ ಅಂದ್ಮೇಲೆ ಒಂದು ಮಾತು ಬರುತ್ತೆ, ಹೋಗುತ್ತೆ. ನಿಮ್ಮ ಒಳ್ಳೇದಕ್ಕೇ ಮಾಡಿದ್ದು."

ಕಾಫಿ ಕುಡಿಯದೆ ಎದ್ದು ಬಂದೆ. ಪೊಲೀಸ್ ಠಾಣೆಗೆ ಹೋದೆ. ಅಲ್ಲಿನ ಹೆಂಗಸು ಗಮನವಿಟ್ಟು ಕೇಳಿ ಎಲ್ಲ ಬರೆದುಕೊಂಡಳು, ಅವನು ಈ ದೇಶಕ್ಕೆ ಕಾಲಿಟ್ಟದ್ದು ಗೊತ್ತಾದರೆ ತಕ್ಷಣ ಕರೆ ಮಾಡು ಎಂದಳು. ಅವನ ಬಗ್ಗೆ ಅಷ್ಟು ಮಾಡಬಹುದಿತ್ತು. ಅಧ್ಯಕ್ಷರ ಬಗ್ಗೆ? ಅವರು ನನಗೆ ಹೊಡೆದಿರಲಿಲ್ಲ, ಬೈದಿರಲಿಲ್ಲ, ಕದ್ದೂ ಇರಲಿಲ್ಲ. ನಾನೇ ಕಳಿಸಿದ ಫೋಟೋ. ವಯಸ್ಸು ಪರೀಕ್ಷಿಸಿದ ಆ ಕಂಪನಿಗೂ ಬರೆದೆ, ನನ್ನ ಪುಟಗಳು ನಿಮ್ಮಲ್ಲಿ ಇನ್ನೂ ಇವೆಯೇ ಎಂದು. ಪರಿಶೀಲನೆಯ ನಂತರ ಅಳಿಸಲಾಗುತ್ತದೆ ಎಂದು ಯಾವುದೋ ಯಂತ್ರ ಉತ್ತರ ಕೊಟ್ಟಿತು. ಅಧ್ಯಕ್ಷರ ಮಾತೇ, ಸ್ವಲ್ಪ ಇಸ್ತ್ರಿ ಹಾಕಿದ್ದು. ಕಂಪನಿಗೆ ಮುಖವಿಲ್ಲ, ಬಾಗಿಲಿಲ್ಲ, ಹೋಗಿ ಬೆಲ್ ಒತ್ತಲು ಆಗುವುದಿಲ್ಲ. ಅಧ್ಯಕ್ಷರಿಗೆ ಎಲ್ಲ ಇತ್ತು. ನನ್ನ ಸಿಟ್ಟೆಲ್ಲ ಅವರೊಬ್ಬರ ಮೇಲೆಯೇ ಹೋಗಿ ಕೂತಿತು. ಅದು ನ್ಯಾಯವೋ ಅಲ್ಲವೋ ಎಂದು ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ಒಂದು ಸಂಜೆ ಫೋನಿನ ಸೆಟ್ಟಿಂಗ್ಸ್ ತೆರೆದು, ನನ್ನ ಪಾಸ್‌ಪೋರ್ಟ್ ಎಲ್ಲೆಲ್ಲಿ ಅಂಟಿಕೊಂಡಿದೆ ಎಂದು ಹುಡುಕುತ್ತ ಹೋದೆ. ವಯಸ್ಸಿನ ಪುಟದ ಕೆಳಗೆ 'ನಿಮ್ಮ ಕುಟುಂಬ' ಎಂದಿತ್ತು. ನನಗೆ ಯಾವ ಕುಟುಂಬ? ಒತ್ತಿ ನೋಡಿದರೆ ಅಲ್ಲಿ ಒಂದು ಹೆಸರು. ಅಧ್ಯಕ್ಷರದು.

ಆಗ ನೆನಪಾಯಿತು. ಅವರ ಪಾಸ್‌ಪೋರ್ಟ್ ಆ ದಿನಗಳಲ್ಲಿ ನವೀಕರಣಕ್ಕೆಂದು ರಾಯಭಾರ ಕಚೇರಿಯಲ್ಲಿತ್ತು, ಡ್ರೈವಿಂಗ್ ಲೈಸೆನ್ಸೂ ಬದಲಾಯಿಸಲು ಹೋಗಿತ್ತು. ಫೋನಿಗೆ ತೋರಿಸಲು ಕೈಯಲ್ಲಿ ಏನೂ ಇಲ್ಲವೆಂದು ಹಾಲ್‌ನಲ್ಲಿ ನಗುತ್ತ ಹೇಳಿದ್ದರು. ದಾಖಲೆ ಒಪ್ಪಿತವಾದ ಒಬ್ಬ ವಯಸ್ಕರು ಮನೆಯ ಮಿಕ್ಕವರ ವಯಸ್ಸಿಗೆ ತಾವೇ ಸಾಕ್ಷಿ ಹೇಳಬಹುದೆಂದು ಫೋನಿನಲ್ಲಿ ಒಂದು ದಾರಿ ಇದೆ. ನನ್ನ ಫೋನು ಅವರ ಕೈಯಲ್ಲಿದ್ದಾಗ, ನನ್ನನ್ನು ಒಂದು ಮಾತೂ ಕೇಳದೆ, ನನ್ನನ್ನು ಮನೆಯ ಯಜಮಾನಿ ಮಾಡಿ, ತಮ್ಮನ್ನು ಅದರೊಳಗೆ ಸೇರಿಸಿಕೊಂಡು ಕೆಲಸ ಮುಗಿಸಿದ್ದರು. ನೀಟಾದ ಫೋಟೋ ನನ್ನದೇ ತಾನೇ. ಒಂದೇ ಕುಟುಂಬ.

ಅವರ ಹೆಸರಿನ ಮುಂದೆ 'ವಯಸ್ಕ' ಎಂದಿತ್ತು. ಒತ್ತಿದೆ. ಇನ್ನೊಂದು ಆಯ್ಕೆ ತೋರಿಸಿತು: 'ಮಗು'. ಖಚಿತವೇ ಎಂದು ಕೇಳಿತು. ಬದುಕಿನಲ್ಲಿ ಯಾವ ವಿಷಯದಲ್ಲೂ ನಾನು ಅಷ್ಟು ಖಚಿತವಾಗಿ ಇದ್ದದ್ದಿಲ್ಲ.

ಮರುದಿನ ಬೆಳಿಗ್ಗೆಯಿಂದಲೇ ಶುರುವಾಯಿತು. ಮಗು ಬ್ಯಾಂಕ್ ಆ್ಯಪ್ ತೆರೆಯಲು ಅನುಮತಿ ಕೇಳುತ್ತಿದೆ. ಬೇಡ ಎಂದು ಒತ್ತಿದೆ. ಮಗು ದೊಡ್ಡ ಗುಂಪಿನಲ್ಲಿ ಮೆಸೇಜು ಹಾಕಲು ಅನುಮತಿ ಕೇಳುತ್ತಿದೆ. ಬೇಡ. ಮಗು ಪಾರ್ಕಿಂಗ್ ಆ್ಯಪ್ ತೆರೆಯಲು ಕೇಳುತ್ತಿದೆ. ಮಗು ವಾರ್ತೆ ನೋಡಲು ಕೇಳುತ್ತಿದೆ. ಬೇಡ, ಬೇಡ. ಪ್ರತಿ ಸಲ ಬೆರಳು ಒತ್ತಿದಾಗಲೂ ಹೊಟ್ಟೆ ತಣ್ಣಗಾಗುತ್ತಿತ್ತು. ಲ್ಯಾಬಿನಲ್ಲಿ ಗ್ಲೌಸ್ ತೆಗೆದ ಕೂಡಲೇ ಫೋನು ನೋಡುತ್ತಿದ್ದೆ, ಮಗು ಇವತ್ತು ಏನು ಕೇಳಿದೆ ಎಂದು. ಹಬ್ಬದ ದಿನ ಕಜ್ಜಾಯದ ಡಬ್ಬಕ್ಕೆ ಕೈ ಹಾಕುವ ಸಂಭ್ರಮ ಅದು.

ಅಧ್ಯಕ್ಷರ ಫೋನು ಸಂಜೆಯಾದರೆ ತಾನೇ ಮಲಗಿಬಿಡುತ್ತಿತ್ತಂತೆ. ಅದನ್ನು ಅವರ ಹೆಂಡತಿ ನನಗೆ ಕರೆ ಮಾಡಿ ಹೇಳಿದರು. ಏನೋ ಟೆಕ್ನಿಕಲ್ ತೊಂದರೆ, ನಿನ್ನ ಫೋನಿನಿಂದ ಸರಿ ಮಾಡಬೇಕಂತೆ, ಅವರಿಗೆ ಕೇಳೋದಕ್ಕೆ ಸಂಕೋಚ ಎಂದರು. ಫೋನಿನ ಆ ಕುಟುಂಬದಿಂದ ಹೊರಬರೋಣವೆಂದರೂ ಯಜಮಾನಿಯ ಒಪ್ಪಿಗೆ ಬೇಕಿತ್ತು. ನೋಡ್ತೀನಿ ಎಂದೆ. ನೋಡುತ್ತಲೇ ಇದ್ದೆ, ಅದು ಸುಳ್ಳಲ್ಲ. ಮಗು ಎಲ್ಲಿದೆ ಎಂಬುದನ್ನೂ ಆ ಪುಟ ನಕ್ಷೆಯ ಮೇಲೆ ತೋರಿಸುತ್ತಿತ್ತು. ಅಧ್ಯಕ್ಷರು ಒಂದು ನೀಲಿ ಚುಕ್ಕಿ. ಚುಕ್ಕಿ ಆಫೀಸಿಗೆ ಹೋಗುತ್ತದೆ, ಚುಕ್ಕಿ ಸೂಪರ್‌ಮಾರ್ಕೆಟ್ಟಿನಲ್ಲಿ ನಿಲ್ಲುತ್ತದೆ, ಭಾನುವಾರ ಚುಕ್ಕಿ ಹತ್ತಿರದ ಪಟ್ಟಣ ನೇಸ್‌ನಲ್ಲಿರುವ ಡಾಕ್ಟರ್ ಗೆಳೆಯರ ಮನೆಗೆ ಊಟಕ್ಕೆ ಹೋಗುತ್ತದೆ. ನನ್ನ ಬಾಗಿಲನ್ನು ಊರಿಗೆಲ್ಲ ತೋರಿಸಿದ ಮನುಷ್ಯ ಎಲ್ಲಿ ಕೂತ, ಎಲ್ಲಿ ನಿಂತ ಎಂದು ನಾನು ಚಹಾ ಕುಡಿಯುತ್ತ ನೋಡುತ್ತಿದ್ದೆ. ಅಷ್ಟು ರುಚಿಯಾದ ಚಹಾ ಈ ದೇಶದಲ್ಲಿ ಕುಡಿದಿರಲಿಲ್ಲ.

ಮೈಸೂರಿನ ಹುಡುಗಿ ಒಂದು ದಿನ ನನ್ನ ಭುಜದ ಹಿಂದಿನಿಂದ ಅದನ್ನು ನೋಡಿಬಿಟ್ಟಳು.

"ಅಕ್ಕ, ನಿಮ್ ಗಂಡ ನಿಮಗೆ ಮಾಡಿದ್ದನ್ನೇ ನೀವ್ ಇವರಿಗೆ ಮಾಡ್ತಿದ್ದೀರಲ್ಲ," ಎಂದಳು ಮೆಲ್ಲಗೆ.

ಹೌದು ಎಂದೆ. ಅವಳು ನಾನು ನಾಚಿಕೊಳ್ಳುತ್ತೇನೆಂದು ಕಾದಳು. ನನಗೆ ನಾಚಿಕೆ ಆಗಲಿಲ್ಲ. ಇವತ್ತು ಇದನ್ನು ಬರೆಯುವಾಗಲೂ ಆಗುತ್ತಿಲ್ಲ. ಇಷ್ಟು ವರ್ಷ ಆ ಟೇಬಲ್ಲಿನ ಒಂದೇ ಕಡೆ ಕೂತು ಸಾಕಾಗಿತ್ತು, ಸ್ವಲ್ಪ ದಿನ ಈ ಕಡೆ ಕೂತು ನೋಡಿದೆ.

ಗುಂಪಿನ ಸಮಿತಿಯ ಸಭೆ ಗ್ರಂಥಾಲಯದ ಮೇಲಿನ ಕೋಣೆಯಲ್ಲಿತ್ತು. ನಾನೂ ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ದೀಪಾವಳಿಯ ಕಾರ್ಯಕ್ರಮದ ವಿವರಗಳನ್ನು ಅಧ್ಯಕ್ಷರು ಫೋನಿನಲ್ಲಿ ಇಟ್ಟುಕೊಂಡಿದ್ದರು. ಶಲ್ಯ ಸರಿಮಾಡಿಕೊಂಡು ಓದಲು ಎತ್ತಿದರು. ಅದು ತೆರೆಯಲಿಲ್ಲ. ಪಕ್ಕದಲ್ಲಿದ್ದ ಖಜಾಂಚಿ ಬಗ್ಗಿ ನೋಡಿ, ಇದೇನು ಸರ್, ದೊಡ್ಡವರನ್ನು ಕೇಳು ಅನ್ನುತ್ತಿದೆ ಎಂದು ಗಟ್ಟಿಯಾಗಿ ಓದಿಬಿಟ್ಟ. ಕೋಣೆಯೆಲ್ಲ ನಕ್ಕಿತು. ಅನುಮತಿಯ ಕೋರಿಕೆ ನನ್ನ ಮಡಿಲಲ್ಲಿ ಗುಂಯ್ ಎಂದಿತು. ಅಧ್ಯಕ್ಷರು ಆ ಸದ್ದು ಬಂದ ಕಡೆ ನೋಡಿದರು. ನಾನು ಅವರ ಕಣ್ಣಲ್ಲಿ ಕಣ್ಣಿಟ್ಟು ಬೇಡ ಎಂದು ಒತ್ತಿದೆ.

ಆ ಶನಿವಾರ ಬೆಳಿಗ್ಗೆ ನಾನು ಪ್ರತಿ ಶನಿವಾರದ ಹಾಗೆ ಫೀನಿಕ್ಸ್ ಪಾರ್ಕಿನಲ್ಲಿ ನಡೆದು, ಬೆಂಚಿನ ಮೇಲೆ ಕೂತು ಫೋನು ನೋಡುತ್ತಿದ್ದೆ. ಚುಕ್ಕಿ ಕ್ಯಾಸಲ್‌ನಾಕ್ ಗೇಟಿನಿಂದ ಒಳಗೆ ಬಂತು, ಮುಖ್ಯ ರಸ್ತೆ ಬಿಟ್ಟು ನಾನಿದ್ದ ಬೆಂಚಿನ ಕಡೆಗೇ ಬಂತು. ತಲೆ ಎತ್ತಿದಾಗ ಅಧ್ಯಕ್ಷರ ಕಾರು ಕಂಡಿತು. ಇಳಿದು ಬಂದು ನಿಂತರು. ಜಿಂಕೆಗಳ ಹಿಂಡು ದೂರದಲ್ಲಿ ಮೇಯುತ್ತಿತ್ತು. ಮೊದಲು ಅವರು ಜೋರು ಮಾಡಿದರು, ಇದು ಅಪರಾಧ, ಪ್ರೈವೆಸಿ ಕಾನೂನಿದೆ ಎಂದರು. ಆ ಶಬ್ದ ಅವರ ಬಾಯಿಂದ ಬಂದದ್ದು ಕೇಳಿ ನನಗೆ ನಿಜವಾಗಿಯೂ ನಗು ಬಂತು. ಆಮೇಲೆ ದನಿ ಇಳಿಸಿದರು. ಊರಲ್ಲಿರುವ ತಾಯಿಯ ಜೊತೆ ಮಾತಾಡಲೂ ಹೆಂಡತಿಯ ಫೋನು ಕೇಳಬೇಕಾಗಿದೆ ಎಂದರು. ನನ್ನ ತಾಯಿಯ ಜೊತೆ ಮಾತಾಡಲು ನಾನು ಏನೇನು ಕೇಳಬೇಕಾಗಿತ್ತು ಎಂದು ಹೇಳಬೇಕೆನಿಸಿತು.

ಮೊದಲು ಅವರ ಫೋನಿನಲ್ಲಿದ್ದ ಎಲ್ಲರ ಪಾಸ್‌ಪೋರ್ಟುಗಳನ್ನೂ ನನ್ನೆದುರಿಗೆ ಅಳಿಸಿ ಎಂದೆ. ಫೋಟೋ ತೆರೆಯಲು ಅನುಮತಿ ಕೊಟ್ಟೆ. ಯುಗಾದಿಯಿಂದ ಒಂದನ್ನೂ ಅಳಿಸಿರಲಿಲ್ಲ. ಮುದುಕರು, ವಿದ್ಯಾರ್ಥಿಗಳು, ಕೈಗೂಸುಗಳು, ಎಲ್ಲರೂ ಅಲ್ಲಿದ್ದರು, ಎರಡೂ ಕಡೆ. ಒಂದೊಂದಾಗಿ ಹೋದವು. ನನ್ನದೂ ಹೋಯಿತು, ಅದು ಮಾಡಬೇಕಿದ್ದ ಅನಾಹುತವನ್ನೆಲ್ಲ ಮಾಡಿ ಮುಗಿಸಿದ ಮೇಲೆ.

"ನಿಮ್ಮ ಪಾಸ್‌ಪೋರ್ಟ್ ವಾಪಸ್ ಬಂತಾ ಸರ್?" ಎಂದು ಕೇಳಿದೆ.

"ಬಂತು. ಕಾರಲ್ಲೇ ಇದೆ. ಯಾಕೆ?"

"ನಿಮ್ಮನ್ನ ದೊಡ್ಡೋರು ಅಂತ ಮಾಡ್ಬೇಕಲ್ಲ. ವಯಸ್ಸು ನೋಡ್ಬೇಕು. ಫೋಟೋ ಕೊಡಿ, ಎರಡೂ ಕಡೆ."

"ವಯಸ್ಸು ಮೊದಲ್ನೇ ಪುಟದಲ್ಲೇ ಇರುತ್ತಲ್ಲಮ್ಮ," ಎಂದರು ಅಧ್ಯಕ್ಷರು.

"ನನಗೆ ಆವತ್ತು ಯಾರೂ ಹಾಗೆ ಹೇಳ್ಲಿಲ್ಲ ಸರ್."

ಅವರು ಕಾರಿನಿಂದ ಪಾಸ್‌ಪೋರ್ಟ್ ತಂದರು, ಹೊಚ್ಚ ಹೊಸದು. ಕಾರಿನ ಬಾನೆಟ್ ಮೇಲೆ ಬಿಚ್ಚಿಟ್ಟು, ಬೆಳಕು ಹೊಳೆಯದಂತೆ ನನ್ನ ನೆರಳು ಬೀಳಿಸಿ, ನೀಟಾಗಿ ಫೋಟೋ ತೆಗೆದೆ. ಕೊನೆಯ ಪುಟ ತಿರುಗಿಸುವಾಗ ಅವರ ಹೆಬ್ಬೆರಳು ಅದರ ಮೇಲೆಯೇ ಇತ್ತು. ಬೆರಳು ತೆಗೀರಿ ಸರ್ ಎಂದೆ. ತೆಗೆದರು. ಆಗ ಆ ಪುಟವನ್ನು ಓದಿದೆ. ಅವರ ಮುಂದೆಯೇ, ನಿಧಾನವಾಗಿ, ಗಟ್ಟಿಯಾಗಿ ಓದಿದೆ, ಹಿಂದೆ ಒಬ್ಬ ಕೈ ಒರೆಸಿಕೊಂಡು ಬಂದು ನನ್ನ ಮೆಸೇಜುಗಳನ್ನು ಓದುತ್ತಿದ್ದ ಹಾಗೆ. ಅವರ ತಂದೆಯ ಹೆಸರು. ತಾಯಿಯ ಹೆಸರು. ಹೆಂಡತಿಯ ಹೆಸರು. ಊರಿನ ಮನೆ, ರಸ್ತೆ, ಪಿನ್ ಕೋಡ್. ತಾಯಿಯ ಹೆಸರು ಓದುವಾಗ ಅವರ ಮುಖದ ಬಣ್ಣ ಇಳಿಯಿತು. ಆ ಹೆಸರಿನಲ್ಲಿ ಗುಟ್ಟೇನೂ ಇರಲಿಲ್ಲ. ಆದರೂ ಅದು ನನ್ನ ಬಾಯಲ್ಲಿ ಇತ್ತು. ಅದು ಹೇಗಿರುತ್ತದೆಂದು ಅವರಿಗೆ ಆವತ್ತು ತಿಳಿಯಿತು ಅಂದುಕೊಂಡಿದ್ದೇನೆ.

ಅವರನ್ನು ವಯಸ್ಕರನ್ನಾಗಿ ಮಾಡಿ, ನನ್ನ ಕುಟುಂಬದಿಂದ ಹೊರಗೆ ಹಾಕಿದೆ. ಪಾಸ್‌ಪೋರ್ಟನ್ನು ಎದೆಗೆ ಒತ್ತಿಕೊಂಡು, ಅದನ್ನ ಡಿಲೀಟ್ ಮಾಡ್ತೀರಲ್ಲ ಎಂದು ಕೇಳಿದರು. ಅವರ ದನಿಯಲ್ಲಿ ನನಗೆ ಚೆನ್ನಾಗಿ ಗೊತ್ತಿರುವ ಒಂದು ನಡುಕವಿತ್ತು.

ನಾನು ಆ ಮನೆ ಬಿಟ್ಟೆ. ನಂಬರು ಬದಲಾಯಿಸಿದೆ, ಕೆಲಸವನ್ನೂ ಬದಲಾಯಿಸಿದೆ. ಕ್ಯಾಸಲ್‌ನಾಕಿನ ಆ ಅಡುಗೆಮನೆ, ಕಿಟಕಿಯಾಚೆಯ ಸೇಬಿನ ಗಿಡ, ಪಾರ್ಕಿನ ಜಿಂಕೆಗಳು, ಎಲ್ಲವನ್ನೂ ಒಬ್ಬರ ಒಳ್ಳೆಯತನಕ್ಕೆ ಕಳೆದುಕೊಂಡೆ. ಈಗ ಎಲ್ಲಿದ್ದೇನೆಂದು ಬರೆಯುವುದಿಲ್ಲ. ಔಷಧಿ ಕಾರ್ಖಾನೆಗಳಿರುವ ಕಡೆ ತಾನೇ ನನಗೆ ಕೆಲಸ, ರಿಂಗಾಸ್ಕಿಡಿ ಇರಬಹುದು ಅಂದುಕೊಳ್ಳುವವರು ಅಂದುಕೊಳ್ಳಲಿ. ಇಲ್ಲಿ ಯಾರ ಹೆಸರನ್ನೂ ಹಾಕಿಲ್ಲ, ನನ್ನದನ್ನೂ ಹಾಕಿಲ್ಲ. ಅಧ್ಯಕ್ಷರ ಹೆಸರು ಬಿಟ್ಟಿದ್ದು ಕರುಣೆಯಿಂದ ಅಂತ ಯಾರೂ ತಿಳಿಯಬೇಡಿ. ಓದಬೇಕಾದವರಿಗೆ ಗೊತ್ತಾಗುತ್ತದೆ.

ಅವರ ಬಳಿ ನನ್ನದೆಂದು ಉಳಿದಿರುವುದು ಒಂದು ಇ-ಮೇಲ್ ವಿಳಾಸ ಮಾತ್ರ. ಸಂಕ್ರಾಂತಿಗೆ, ಯುಗಾದಿಗೆ, ಗೌರಿ ಹಬ್ಬಕ್ಕೆ ತಪ್ಪದೆ ಶುಭಾಶಯ ಬರುತ್ತದೆ, ನನಗೂ ನನ್ನ ಮನೆಯವರಿಗೂ ಎಂದು. ಕೆಳಗೆ ಒಂದು ಸಾಲು ಬಿಟ್ಟು, ಅದು ಡಿಲೀಟ್ ಆಯಿತೇ ಎಂದು ಕೇಳಿರುತ್ತಾರೆ. ನಾನು ಆ ಫೋಟೋ ತೆರೆದು ಒಮ್ಮೆ ನೋಡುತ್ತೇನೆ, ಮೊದಲ ಪುಟ, ಕೊನೆಯ ಪುಟ, ಬೆಳಕು ಹೊಳೆಯದೆ ಚೆನ್ನಾಗಿ ಬಂದಿದೆ. ನೋಡಿ, ಪ್ರತಿ ಸಲದ ಹಾಗೆ ಉತ್ತರ ಬರೆಯುತ್ತೇನೆ.

"ಡಿಲೀಟ್ ಮಾಡ್ತೀನಿ ಬಿಡಿ."